ರೈಲಿಗೆ ಮಾತ್ರ ಸರಿದವಳು

ನಮ್ಮ ಅತ್ತೆಗೆ ಜನ ಇಟ್ಟ ಹೆಸರು ಗಂಜಿಯಮ್ಮ. ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡುವುದು ಅವರ ಕಸುಬು, ಅದಕ್ಕೇ ಆ ಹೆಸರು ಎಂದು ಹೊಸಬರು ತಿಳಿಯುತ್ತಾರೆ. ಹಳಬರನ್ನು ಕೇಳಿ ನೋಡಿ. ಗಂಜಿ ಬಟ್ಟೆಗಿಂತ ಮೊದಲು ಅವರ ಕತ್ತಿಗೇ ಬಿದ್ದಿದೆ ಅನ್ನುತ್ತಾರೆ. ಆ ಕತ್ತು ಬಗ್ಗಿದ್ದನ್ನು ಯಾರೂ ನೋಡಿಲ್ಲ. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನೂ ಬಗ್ಗಿಸಲು ನೋಡಿದೆ. ನನ್ನ ಬಾಯೇನೂ ಕಡಿಮೆಯದಲ್ಲ. ಕೊನೆಗೆ ನನಗೇ ಕತ್ತು ನೋವು ಬಂದು ಬಿಟ್ಟುಬಿಟ್ಟೆ.

ನಮ್ಮದು ಹಳೆಯ ರೈಲ್ವೆ ಕ್ವಾರ್ಟರ್ಸ್ ಸಾಲಿನ ಕೊನೆಯ ಮನೆ. ಮುಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ಹಳೆ ಕಂಬಳಿ, ಕಂಬಳಿಯ ಮೇಲೆ ಸುಟ್ಟ ಕಲೆಗಳ ದುಪ್ಪಟಿ. ಮೂಲೆಯಲ್ಲಿ ಇದ್ದಿಲ ಚೀಲ, ಬಾಗಿಲ ಹೊರಗೆ ಗಂಜಿಯ ಬಕೆಟ್ಟು. ಇದ್ದಿಲ ಇಸ್ತ್ರಿಪೆಟ್ಟಿಗೆಯನ್ನು ಅತ್ತೆ ಬಿಟ್ಟು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಮಗ ಒಮ್ಮೆ ಕರೆಂಟಿನ ಪೆಟ್ಟಿಗೆ ತಂದುಕೊಟ್ಟ. "ಇದು ಬಟ್ಟೆಗೆ ಮುತ್ತು ಕೊಡುತ್ತೆ ಅಷ್ಟೆ, ಒತ್ತಲ್ಲ" ಎಂದು ಅದನ್ನು ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಇಟ್ಟರು. ಈಗಲೂ ಅಲ್ಲೇ ಇದೆ. ಆ ಮಗ, ಅಂದರೆ ನನ್ನ ಗಂಡ, ಲಾರಿ ಓಡಿಸುತ್ತಾನೆ. ಮನೆಗೆ ನೆಂಟರ ಹಾಗೆ ಬಂದು ಹೋಗುತ್ತಾನೆ. ಹಾಗಾಗಿ ಮನೆಯಲ್ಲಿ ನಾವಿಬ್ಬರೇ, ಜಗಳಕ್ಕೂ ನಾವಿಬ್ಬರೇ.

ನಮ್ಮ ಹೊಟ್ಟೆಪಾಡು ನಡೆಯುವುದು ಗುಡ್ಡದ ಆಚೆಗಿರುವ ನರ್ಸುಗಳ ಹಾಸ್ಟೆಲಿನಿಂದ. ಬೆಳಿಗ್ಗೆ ಅವರು ಡ್ಯೂಟಿಗೆ ಹೊರಡುವ ಮೊದಲು ಬಿಳಿ ಸಮವಸ್ತ್ರ ಮುಟ್ಟಿಸಬೇಕು, ಕೊಳೆಯಾದದ್ದನ್ನು ಹೊತ್ತು ತರಬೇಕು. ಅದಕ್ಕಿದ್ದ ದಾರಿ ಮನೆ ಹಿಂದಿನ ರೈಲು ಲೈನು. ಬಂಡೆ ಸೀಳಿದ ಕಣಿವೆಯಲ್ಲಿ ಹೋಗಿ, ಸಣ್ಣ ಸೇತುವೆ ದಾಟಿ, ಸುರಂಗ ಹೊಕ್ಕರೆ ನೇರ ಹಾಸ್ಟೆಲಿನ ಹಿತ್ತಿಲು. ರೈಲು ನಿಂತು ಬಹಳ ಕಾಲವಾಯಿತು. ಕಂಬಿ ಕಿತ್ತು ಒಯ್ದರು, ಕಂಬಿಯಡಿಯ ಮರದ ಸ್ಲೀಪರುಗಳನ್ನೂ ಒಯ್ದರು. ಜಲ್ಲಿ ಉಳಿಯಿತು, ದಾರಿ ಉಳಿಯಿತು. ಹಾಲಿನವಳು, ಸೌದೆಯವರು, ಬಡಗಿ, ಅಡುಗೆ ಕೆಲಸದವರು ಎಲ್ಲರ ಓಡಾಟವೂ ಅದರ ಮೇಲೇ. ನಮ್ಮ ಕಡೆ "ಲೈನ್ ಮೇಲೆ ಹೋಗಿ ಬರ್ತೀನಿ" ಅಂದರೆ ಕೆಲಸಕ್ಕೆ ಹೋಗಿ ಬರುತ್ತೇನೆ ಎಂದೇ ಅರ್ಥ.

ತೀರಿಹೋದ ನಮ್ಮ ಮಾವ ಆ ಲೈನಿನಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಹೆಗಲ ಮೇಲೆ ಸುತ್ತಿಗೆ ಹೊತ್ತು ಕಂಬಿ ನೋಡಿಕೊಳ್ಳುತ್ತ ನಡೆದವರು. ಮದುವೆಯಾದ ಹೊಸದರಲ್ಲಿ ಅವರು ಅತ್ತೆಗೆ ಲೈನಿನ ನಡಿಗೆ ಕಲಿಸಿದರಂತೆ. ಸ್ಲೀಪರಿನಿಂದ ಸ್ಲೀಪರಿಗೆ ಚಿಕ್ಕ ಹೆಜ್ಜೆ ಇಡಬೇಕು. ಸುರಂಗದ ಬಾಯಲ್ಲಿ ನಿಂತು, ಗೋಡೆಗೆ ಅಂಗೈ ಒತ್ತಿ, ಕಿವಿಗೊಟ್ಟು, "ಬಂತಾ?" ಎಂದು ಕೇಳಿಕೊಂಡೇ ಒಳಗೆ ಕಾಲಿಡಬೇಕು. ಒಳಗಿದ್ದಾಗ ರೈಲು ಬಂದರೆ ಓಡಬಾರದು. ಗೋಡೆಯಲ್ಲಿ ಅಲ್ಲಲ್ಲಿ ಒಬ್ಬರು ನಿಲ್ಲುವಷ್ಟು ಗೂಡುಗಳಿವೆ, ಹತ್ತಿರದ್ದರಲ್ಲಿ ಬೆನ್ನೊತ್ತಿ ನಿಲ್ಲಬೇಕು. ಮಾವ ಹೋದರು, ರೈಲು ಹೋಯಿತು. ಅತ್ತೆಯ ಹೆಜ್ಜೆ ಮಾತ್ರ ದೊಡ್ಡದಾಗಲಿಲ್ಲ, ಸುರಂಗದ ಬಾಯಲ್ಲಿ ನಿಲ್ಲುವುದೂ ತಪ್ಪಲಿಲ್ಲ. ಕ್ವಾರ್ಟರ್ಸಿನವರೆಲ್ಲ ಹಾಗೇ. ಆ ಲೈನಿನಲ್ಲಿ ಒಂದು ರೈಲನ್ನೂ ಕಾಣದೆ ಬಂದ ನಾನು ಕೂಡ ನಿಂತು "ಬಂತಾ?" ಅನ್ನುತ್ತೇನೆ. ಇದಕ್ಕೆ ಹುಚ್ಚು ಅನ್ನದೆ ಇನ್ನೇನು ಅನ್ನಬೇಕೋ ಗೊತ್ತಿಲ್ಲ.

ಆಮೇಲೆ ಲೈನಿಗೆ ಶುಕ್ರದೆಸೆ ಬಂತು. ಪೇಟೆ ಕಡೆಯ ದೊಡ್ಡವರು ಸಮಿತಿ ಮಾಡಿಕೊಂಡರು. ಮುಳ್ಳು ಕಡಿಸಿ, ಜಲ್ಲಿ ತೆಗೆಸಿ ನುಣ್ಣನೆಯ ದಾರಿ ಹಾಸಿದರು, ಬೆಂಚು ಹಾಕಿದರು, ಸುರಂಗಕ್ಕೆ ದೀಪ ಕಟ್ಟಿದರು. "ಹಸಿರು ನಡಿಗೆ ಪಥ" ಎಂದು ಕಮಾನು ನಿಲ್ಲಿಸಿದರು. ಎಲ್ಲರಿಗೂ ತೆರೆದ ಮೊದಲ ದಿನ ಅತ್ತೆ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, "ಬಾರೇ, ನಮ್ಮ ಲೈನ್ ಏನೇನು ಸಿಂಗಾರ ಮಾಡ್ಕೊಂಡಿದೆ ನೋಡ್ಕೊಂಡು ಬರೋಣ" ಎಂದರು. ತಲೆಯ ಮೇಲೆ ಗಂಟಿಲ್ಲದೆ ಅವರು ಅಲ್ಲಿ ನಡೆದದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೈ ಎಲ್ಲಿಡಬೇಕು ಎಂದೇ ಅವರಿಗೆ ತಿಳಿಯುತ್ತಿರಲಿಲ್ಲ.

ಕಣಿವೆಯಲ್ಲಿ ಬಂಡೆಯ ಮೇಲಿನ ಪಾಚಿಯನ್ನೂ ಕೆರೆದು ತೊಳೆದಿದ್ದರು. ಹಳೆಯ ಸಿಗ್ನಲ್ ಕಂಬಕ್ಕೆ ಕೆಂಪು ಬಣ್ಣ ಬಳಿದು, ಕೈ ಇದ್ದ ಜಾಗಕ್ಕೆ ದೀಪ ತೂಗುಹಾಕಿದ್ದರು. ಸೇತುವೆಯ ಮೇಲೆ ಮೊದಲೆಲ್ಲ ತೊಲೆಗಳ ಸಂದಿನಲ್ಲಿ ಕೆಳಗಿನ ನೀರು ಕಾಣುತ್ತಿತ್ತು, ಜೀವ ಕೈಯಲ್ಲಿ ಹಿಡಿದು ದಾಟಬೇಕಿತ್ತು. ಈಗ ಹಲಗೆ ಹಾಸಿ ಕಟಕಟೆ ಕಟ್ಟಿದ್ದರು. ಅತ್ತೆ ನಡುವೆ ನಿಂತು ಕಾಲು ಅಪ್ಪಳಿಸಿ ನೋಡಿದರು. "ಗಟ್ಟಿ ಇದೆ. ನಿಮ್ಮ ಮಾವ ನೋಡಿದ್ರೆ ಇದಕ್ಕೂ ಏನಾದ್ರೂ ಕೊಂಕು ತೆಗೀತಿದ್ರು" ಎಂದು ನಕ್ಕರು. ಕಣ್ಣು ಒದ್ದೆಯಾಗಿತ್ತು. ನಾನು ಕಾಣದವಳ ಹಾಗೆ ನೀರು ನೋಡಿದೆ.

ಸುರಂಗದ ಬಾಯಲ್ಲಿ ಎಂದಿನ ಹಾಗೆ ಪಕ್ಕಕ್ಕೆ ನಿಂತು ಗೋಡೆಗೆ ಅಂಗೈ ಒತ್ತಿದೆವು. ಹಿಂದೆ ಬರುತ್ತಿದ್ದ ಗಂಡ ಹೆಂಡತಿ, ಕಾಲಲ್ಲಿ ಬೆಳ್ಳನೆಯ ಬೂಟು, ತಮಗೇ ದಾರಿ ಬಿಟ್ಟೆವೆಂದು ತಿಳಿದು "ಥ್ಯಾಂಕ್ಸ್ ಅಜ್ಜಿ" ಎಂದು ಮುಂದೆ ಹೋದರು. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಒಳಗೆ ಗೂಡುಗಳಲ್ಲೆಲ್ಲ ಹೂಕುಂಡ ಇಟ್ಟಿದ್ದರು. "ಜೀವ ಉಳಿಸ್ಕೊಳ್ಳೋ ಜಾಗದಲ್ಲಿ ಹೂವು ಬೆಳೆಸ್ತಿದಾರೆ. ಇರಲಿ, ಚೆನ್ನಾಗೇ ಇದೆ" ಎಂದರು ಅತ್ತೆ. ಅವತ್ತು ಅವರಿಗೆ ನಿಜವಾಗಿಯೂ ಖುಷಿಯಾಗಿತ್ತು. ಅದನ್ನು ಯಾಕೆ ಹೇಳುತ್ತೇನೆಂದರೆ, ಅತ್ತೆ ಹೊಸದನ್ನು ಕಂಡರೆ ಉರಿದುಬೀಳುವವರು ಎಂದು ಆಮೇಲೆ ಬಾಯಿಗೆ ಬಂದದ್ದು ಆಡಿಕೊಂಡವರಿದ್ದಾರೆ.

ಸ್ವಲ್ಪ ದಿನ ಕಳೆಯಿತು. ಅಂಚಿಗೆಲ್ಲ ತಂತಿಬೇಲಿ ಬಂತು, ಎರಡೂ ತುದಿಗೆ ಗೇಟು ಬಂತು. ನಮ್ಮ ಗೇಟಿಗೆ ಕೊರಳಲ್ಲಿ ಪೀಪಿ ನೇತುಹಾಕಿಕೊಂಡ ಕಾವಲುಗಾರ ಬಂದ. ಬಾಯಿಗಿಂತ ಹೆಚ್ಚು ಅವನ ಪೀಪಿಯೇ ಮಾತಾಡುತ್ತಿದ್ದುದರಿಂದ ನಾವು ಅವನಿಗೆ ಸೀಟಿ ಎಂದು ಹೆಸರಿಟ್ಟೆವು. ಅವನ ಹಿಂದೆ ಬೋರ್ಡು ಬಂತು: "ವಾಕಿಂಗ್‌ಗೆ ಮಾತ್ರ. ಹೊರೆ ಹೊತ್ತವರಿಗೆ ಪ್ರವೇಶವಿಲ್ಲ."

ಅವತ್ತು ಅತ್ತೆಯನ್ನು ಗೇಟಿನವರೆಗೆ ಬಿಡಲು ನಾನೂ ಹೋಗಿದ್ದೆ. ಹಲಗೆಯ ಮೇಲೆ ಮಡಿಸಿಟ್ಟು ದುಪ್ಪಟಿಯಲ್ಲಿ ಕಟ್ಟಿದ ಸಮವಸ್ತ್ರಗಳು ಅವರ ತಲೆಯ ಮೇಲೆ, ತಲೆಗೂ ಹಲಗೆಗೂ ನಡುವೆ ಬಟ್ಟೆಯ ಸಿಂಬೆ.

"ಅಮ್ಮಾ, ನಿಲ್ಲಿ. ಬಿಡೋ ಹಾಗಿಲ್ಲ" ಎಂದ ಸೀಟಿ. "ಬೋರ್ಡ್ ನೋಡಿ. ಇದು ವಾಕಿಂಗಿಗೆ ಮಾತ್ರ."

"ಮತ್ತೆ ನಾನೇನು ಹಾರ್ಕೊಂಡು ಬಂದ್ನೇನಪ್ಪಾ?"

"ಅಲ್ಲಮ್ಮಾ, ನೀವು ಮಾಡೋದು ನಡೆಯೋದು. ವಾಕಿಂಗ್ ಬೇರೆ."

"ಹೆಂಗೆ ಬೇರೆ? ಅದಕ್ಕೆ ಬೇರೆ ಕಾಲಿದಾವಾ?"

ಸೀಟಿ ತಲೆ ಕೆರೆದುಕೊಂಡ. ಪಾಪ, ಅವನಿಗೂ ಯಾರೂ ಬಿಡಿಸಿ ಹೇಳಿರಲಿಲ್ಲ. "ವಾಕಿಂಗ್ ಅಂದ್ರೆ ಸುಮ್ನೆ ಹೋಗಿ ಸುಮ್ನೆ ವಾಪಸ್ ಬರೋದು. ನೀವು ಎಲ್ಲಿಗೋ ಹೋಗ್ತಿದೀರಲ್ಲ. ಎಲ್ಲಿಗಾದ್ರೂ ಹೋದ್ರೆ ಅದು ವಾಕಿಂಗ್ ಆಗಲ್ಲ."

ಅಷ್ಟರಲ್ಲಿ ಬೆನ್ನಿಗೆ ದಪ್ಪ ಚೀಲ ಬಿಗಿದುಕೊಂಡ ಗಟ್ಟಿಮುಟ್ಟಾದ ಗಂಡಸೊಬ್ಬ ಒಳಗೆ ನುಗ್ಗಿದ. ಸೀಟಿ ಅವನಿಗೆ ಸಲಾಮು ಹೊಡೆದ.

"ನಿಲ್ಲಪ್ಪಾ, ಆ ಚೀಲದಲ್ಲೇನು?" ಎಂದರು ಅತ್ತೆ.

"ಮರಳು, ಅಜ್ಜಿ."

"ಮನೆ ಕಟ್ಟಿಸ್ತಿದೀಯಾ?"

"ಇಲ್ಲ ಇಲ್ಲ. ಭಾರ ಹೊತ್ಕೊಂಡು ನಡೆದ್ರೆ ಮೈಗೆ ಒಳ್ಳೇದು, ಅದಕ್ಕೆ."

ಅತ್ತೆ ಸೀಟಿಯ ಕಡೆ ತಿರುಗಿದರು. "ಕೇಳಿಸ್ತಾ? ಮರಳು ವಾಕಿಂಗ್ ಹೋಗಬಹುದು, ಬಟ್ಟೆ ಹೋಗಬಾರದು!" ಸೀಟಿ ಇಂಗು ತಿಂದ ಮಂಗನ ಹಾಗೆ ನಿಂತ, ಆದರೆ ಗೇಟು ಬಿಡಲಿಲ್ಲ. ಗಂಟಿನ ಅಂಚಿಗೆ ಕೈ ಹಾಕಿ ತಡೆದ. ಎಳೆದಾಡಿದರೆ ಇಸ್ತ್ರಿ ಹಾಳಾಗುತ್ತದೆ ಎಂಬ ಒಂದೇ ಕಾರಣಕ್ಕೆ ಅತ್ತೆ ಅವತ್ತು ಹಿಂದಕ್ಕೆ ಹೆಜ್ಜೆ ಇಟ್ಟರು. ನನಗೆ ಪಿತ್ತ ನೆತ್ತಿಗೇರಿ ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಪೀಪಿ ಊದಿದ.

ಉಳಿದದ್ದು ಗುಡ್ಡ ಬಳಸುವ ಹೆದ್ದಾರಿ. ಅದರ ಪಕ್ಕದಲ್ಲೇ ಕಲ್ಲು ಪುಡಿ ಮಾಡುವ ಕ್ರಷರ್, ಲಾರಿಗಳ ಮೇಲೆ ಲಾರಿಗಳು. ಬಿಳಿ ಬಟ್ಟೆಗೆ ಎಷ್ಟು ಸುತ್ತು ದುಪ್ಪಟಿ ಸುತ್ತಿದರೂ ಧೂಳು ಹೇಗೋ ಒಳಗೆ ನುಸುಳುತ್ತಿತ್ತು. ದೂರ ಬೇರೆ, ಹೊತ್ತು ಮೀರುತ್ತಿತ್ತು. ಹಾಸ್ಟೆಲಿನ ವಾರ್ಡನ್ ಕಾಲರ್ ಮೇಲೆ ಬೆರಳಾಡಿಸಿ, "ಇದು ನರ್ಸ್ ಬಟ್ಟೇನೋ, ಗಾರೆ ಕೆಲಸದವರ ಬಟ್ಟೇನೋ?" ಎಂದರು. ಇನ್ನೊಮ್ಮೆಯೂ ಹಾಗೇ ಆದಾಗ ನೇರವಾಗಿ ಹೇಳಿಬಿಟ್ಟರು: "ನೋಡಿ ಗಂಜಿಯಮ್ಮಾ, ನಾಳೆ ಹೊತ್ತಿಗೆ ಸರಿಯಾಗಿ ಬೆಳ್ಳಗೆ ಬರ್ಲಿಲ್ಲ ಅಂದ್ರೆ ಪೇಟೆ ಲಾಂಡ್ರಿಗೆ ಕೊಟ್ಬಿಡ್ತೀನಿ. ನನಗೂ ಮೇಲಿನವರಿದಾರೆ." ಅತ್ತೆ ಮನೆಗೆ ಬಂದು ಇದನ್ನು ಹೇಳಿದರು. ಹಾಸ್ಟೆಲ್ ಕೈಬಿಟ್ಟರೆ ನಮಗೆ ಬೇರೆ ಗತಿಯಿರಲಿಲ್ಲ.

ಅದೇ ಮಧ್ಯಾಹ್ನ ಸಮಿತಿಯ ಕಾರ್ಯದರ್ಶಿಗಳು ತಾವೇ ನಮ್ಮ ಬಾಗಿಲಿಗೆ ಬಂದರು. ಒಳ್ಳೆಯ ಮನುಷ್ಯ, ಅದೇ ತಾಪತ್ರಯ. ಕೆಟ್ಟವರಾಗಿದ್ದರೆ ಬೈದು ಕಳಿಸಬಹುದಿತ್ತು. ಬಾಗಿಲಲ್ಲಿದ್ದ ಕರೆಂಟ್ ಪೆಟ್ಟಿಗೆ ಎಡವಿ, ಸಾವರಿಸಿಕೊಂಡು, ಜೇಬಿನಿಂದ ಕಾರ್ಡು ತೆಗೆದರು.

"ಅಮ್ಮಾ, ನಿಮ್ಮ ಕಷ್ಟ ನನ್ನ ಕಿವಿಗೆ ಬಿತ್ತು. ನಿಮಗೆ ಅಂತಲೇ ವಿಶೇಷ ಪಾಸ್ ಮಾಡಿಸಿದೀನಿ. ನಾಳೆಯಿಂದ ಆರಾಮಾಗಿ ಹೋಗಿ ಬನ್ನಿ. ವಾಕಿಂಗಿನವರು ಎದುರಿಗೆ ಬಂದ್ರೆ ಸ್ವಲ್ಪ ಪಕ್ಕಕ್ಕೆ ಸರ್ಕೊಳ್ಳಿ, ಅಷ್ಟು ಸಾಕು."

ನನಗೆ ಹೋದ ಜೀವ ಬಂದಂತಾಯಿತು. ಕೈಚಾಚಿಯೂ ಬಿಟ್ಟಿದ್ದೆ. ಅತ್ತೆ ಇಸ್ತ್ರಿ ನಿಲ್ಲಿಸಲಿಲ್ಲ.

"ಹಾಲಿನವಳಿಗೂ ಮಾಡ್ಸಿದೀರಾ ಸ್ವಾಮಿ?"

"ಎಲ್ಲರಿಗೂ ಅಂದ್ರೆ ಕಷ್ಟ ಆಗುತ್ತಮ್ಮಾ."

"ಬಡಗಿಗೆ?"

"ನಿಮ್ಮದು ವಯಸ್ಸಾಗಿರೋ ಜೀವ ಅಂತ ಮಾಡಿರೋದು."

"ಹಂಗಾದ್ರೆ ನನಗೂ ಬೇಡ."

"ಯಾಕಮ್ಮಾ?"

ಅತ್ತೆ ಪೆಟ್ಟಿಗೆಯನ್ನು ನಿಲ್ಲಿಸಿಟ್ಟರು. "ಇದನ್ನ ತಗೊಂಡ್ರೆ, ಇಷ್ಟು ವರ್ಷ ನಾವೆಲ್ಲ ಕಳ್ಳದಾರೀಲಿ ಓಡಾಡಿದ್ವಿ ಅಂತ ನಾನೇ ಒಪ್ಪಿದ ಹಾಗಾಯ್ತು. ನೀವು ಕೊಟ್ಟಿದ್ದು, ನಾಳೆ ವಾಪಸ್ ಕೇಳ್ತೀರ. ಆಗ ನಾನು ಏನಂತ ಕೇಳ್ಲಿ? ನಡೆಯೋಕೆ ಎಂಥ ಪಾಸು ಸ್ವಾಮಿ? ಎತ್ಕೊಂಡು ಹೋಗಿ."

ಅವರು ಇನ್ನೂ ಏನೋ ಹೇಳಹೊರಟು, ಅತ್ತೆಯ ಮುಖ ನೋಡಿ ಕಾರ್ಡನ್ನು ಜೇಬಿಗಿಟ್ಟು ಹೊರಟರು. ಅವರು ಮೆಟ್ಟಿಲಿಳಿಯುವುದನ್ನೇ ಕಾಯುತ್ತಿದ್ದೆ.

"ನಿಮಗೆ ತಲೆಗಿಲೆ ಕೆಟ್ಟಿದೆಯಾ ಅತ್ತೆ? ಬಾಗಿಲಿಗೆ ಬಂದಿದ್ದನ್ನ ಒದ್ದು ಕಳಿಸಿದ್ರಲ್ಲ! ಹಾಲಿನವಳ ಚಿಂತೆ ನಮಗ್ಯಾಕೆ? ನೋಡ್ತಾ ಇರಿ, ನಾಳೆಯಿಂದ ಬಟ್ಟೆಗೂ ಗಂಜಿ ಇಲ್ಲ, ಹೊಟ್ಟೆಗೂ ಗಂಜಿ ಇಲ್ಲ!"

"ಆಯ್ತಾ?" ಎಂದರು ಅತ್ತೆ. "ಈಗ ಆ ಕಾಲರ್‌ಗೆ ನೀರು ಚಿಮುಕಿಸು."

ನೀರು ಚಿಮುಕಿಸಿದೆ. ಅರ್ಧ ಅವರ ಮುಖಕ್ಕೇ ಬೀಳುವ ಹಾಗೆ ಚಿಮುಕಿಸಿದೆ. ಅವರು ಸೆಟೆದುಕೊಂಡೇ ಇದ್ದರು. ಊಟಕ್ಕೆ ಕೂತಾಗ ತಟ್ಟೆಗಳು ಮಾತ್ರ ಸದ್ದು ಮಾಡಿದವು.

ಬೆಳಿಗ್ಗೆ ಎದ್ದು ನೋಡಿದರೆ ಮೇಜಿನ ಮೇಲೆ ಒಂದು ಗಂಟಿನ ಬದಲು ಎರಡು ಗಂಟುಗಳಿದ್ದವು. ಪಕ್ಕದಲ್ಲಿ ಎರಡು ಸಿಂಬೆ. ನಾನು ತಲೆಯ ಮೇಲೆ ಹೊತ್ತವಳಲ್ಲ. ಬಟ್ಟೆ ಒಗೆಯುವುದು, ಹಿಂಡುವುದು, ಒಣಹಾಕುವುದು ನನ್ನ ಪಾಲು. ಅತ್ತೆ ಮಾತಿಲ್ಲದೆ ಒಂದು ಸಿಂಬೆಯನ್ನು ನನ್ನ ತಲೆಯ ಮೇಲಿಟ್ಟು, ಅಂಗೈಯಿಂದ ಒತ್ತಿ ಸರಿಮಾಡಿದರು. ಮುಖ ಗಂಟಿಕ್ಕಿಕೊಂಡೇ ನಿಂತಿದ್ದೆ. ಆದರೂ ತಲೆ ಸರಿಸಲಿಲ್ಲ. ಅವರ ಹಟದ ಮೇಲೆ ನನಗೆ ಕೆಂಡದಂಥ ಸಿಟ್ಟಿತ್ತು. ಆದರೆ ಆ ಗೇಟಿನ ಮುಂದೆ ಅವರು ಒಬ್ಬರೇ ನಿಲ್ಲುವುದನ್ನು ನೆನೆಸಿಕೊಂಡರೆ ಅದಕ್ಕಿಂತ ಹೆಚ್ಚು ಹೊಟ್ಟೆ ಉರಿಯುತ್ತಿತ್ತು.

ಗೇಟಿನಲ್ಲಿ ಆಗಲೇ ಹಾಲಿನವಳು ಕ್ಯಾನು ಕೆಳಗಿಟ್ಟು ಸೀಟಿಯೊಂದಿಗೆ ಜಗಳಕ್ಕೆ ನಿಂತಿದ್ದಳು. ಬಡಗಿ ಯಾರದೋ ಮನೆಗೆ ಮಾಡಿದ ಹೊಸ ಕುರ್ಚಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ನಿಂತಿದ್ದ. ಅತ್ತೆ ನಿಲ್ಲಲಿಲ್ಲ. ಸೀಟಿ ಎರಡೂ ತೋಳು ಚಾಚಿ ಅಡ್ಡ ಬಂದ.

"ಕೈ ತೆಗಿ" ಎಂದರು ಅತ್ತೆ. "ಬಟ್ಟೆ ಮುದುಡಿದ್ರೆ ನೀನೇ ಕೂತು ಇಸ್ತ್ರಿ ಹಾಕ್ಬೇಕಾಗುತ್ತೆ. ನಾನು ಪಕ್ಕದಲ್ಲಿ ನಿಂತು ಹಾಕಿಸ್ತೀನಿ."

ಹಾಗೆ ಹೇಳಿದರೆ ಅತ್ತೆ ಹಾಗೇ ಮಾಡುತ್ತಾರೆ ಎಂಬುದು ಅವನಿಗೂ ಅಷ್ಟು ದಿನದಲ್ಲಿ ತಿಳಿದಿತ್ತು. ತೋಳು ತಾನಾಗಿ ಕೆಳಗಿಳಿಯಿತು. ಅತ್ತೆಯ ಹಿಂದೆ ನಾನು, ನನ್ನ ಹಿಂದೆ ಹಾಲಿನವಳು, ಅವಳ ಹಿಂದೆ ಕುರ್ಚಿ. ಸೀಟಿ ಪಕ್ಕದಲ್ಲೇ ಓಡುತ್ತ ಪೀಪಿ ಊದುತ್ತಲೇ ಬಂದ. ಬೆಂಚಿನಲ್ಲಿ ಕೂತವರೆಲ್ಲ ಎದ್ದು ನೋಡಿದರು. ನನ್ನ ಕತ್ತು ನಡುಗುತ್ತಿತ್ತು, ಭಾರಕ್ಕೋ ಹೆದರಿಕೆಗೋ ಹೇಳಲಾರೆ. ಸೇತುವೆ ದಾಟುವಾಗ ಗೊತ್ತಾಯಿತು, ಅತ್ತೆಯ ಹಾಗೆ ಚಿಕ್ಕ ಹೆಜ್ಜೆ ಇಟ್ಟರೆ ಗಂಟು ಅಲುಗುವುದಿಲ್ಲ.

ಸುರಂಗದ ಬಾಯಲ್ಲಿ ಅತ್ತೆ ನಿಂತರು. ಗೋಡೆಗೆ ಅಂಗೈ ಒತ್ತಿದರು. ನಾವೂ ನಿಂತೆವು. ಇವರು ಸೋತರು ಎಂದುಕೊಂಡು ಸೀಟಿ ಪೀಪಿ ಬಾಯಿಂದ ತೆಗೆದ.

"ಬಂತಾ?" ಎಂದರು ಅತ್ತೆ.

"ಇಲ್ಲ" ಎಂದಳು ಹಾಲಿನವಳು.

ಒಳಗೆ ಹೋದೆವು. ಅತ್ತೆ ದಾರಿಯ ನಟ್ಟನಡುವೆ ನಡೆದರು, ಗ್ಯಾಂಗ್‌ಮನ್ ನಡೆಯುವುದೇ ಹಾಗೆ. ಅರ್ಧ ದಾರಿಯಲ್ಲಿ ಎದುರಿನಿಂದ ವಾಕಿಂಗಿನವರ ಗುಂಪು ಬಂತು. ಮುಂದೆ ಕಾರ್ಯದರ್ಶಿಗಳೇ. ನಮ್ಮನ್ನು ಕಂಡು ಅವರ ಮುಖ ಸಪ್ಪಗಾಯಿತು.

"ಏನಮ್ಮಾ ಇದು? ಪಾಸ್ ಬೇಡ ಅಂದವರು ನೀವೇ. ಹೋಗ್ಲಿ, ಜಗಳ ಬೇಡ. ಒಂಚೂರು ಪಕ್ಕಕ್ಕೆ ಸರ್ಕೊಳ್ಳಿ, ಇವರೆಲ್ಲ ದಾಟಿ ಹೋಗ್ಲಿ. ಆಮೇಲೆ ನೀವು ಹೋಗಿ, ನಾನು ನೋಡಲಿಲ್ಲ ಅಂದ್ಕೊಳ್ತೀನಿ."

ಅಷ್ಟೇ ತಾನೆ ಅನ್ನಿಸಿತು ನನಗೆ. ನರ್ಸುಗಳು ಹೊರಡುವ ಹೊತ್ತಾಗುತ್ತಿತ್ತು. "ಅತ್ತೆ, ಸರಿದ್ಬಿಡೋಣ" ಎಂದು ಹಿಂದಿನಿಂದ ಪಿಸುಗುಟ್ಟಿದೆ.

ಅತ್ತೆ ತಿರುಗಲಿಲ್ಲ. ತಲೆಯ ಮೇಲೆ ಗಂಟಿದ್ದರೆ ಯಾರೂ ತಿರುಗುವುದಿಲ್ಲ.

"ಸ್ವಾಮಿ, ಮದುವೆಯಾಗಿ ಬಂದಾಗಿಂದ ಈ ಸುರಂಗದಲ್ಲಿ ಓಡಾಡಿದೀನಿ. ನಾನು ಇಲ್ಲಿ ಸರಿದಿರೋದು ಒಂದಕ್ಕೇ. ರೈಲಿಗೆ. ಬಾಯಲ್ಲಿ ನಿಂತು ಕೇಳ್ಕೊಂಡೇ ಒಳಗೆ ಬಂದಿದೀನಿ. ರೈಲು ಬಂದಿಲ್ಲ."

ಹಾಗೆಂದು ನಡೆದೇ ಬಿಟ್ಟರು. ಅದೇ ಚಿಕ್ಕ ಹೆಜ್ಜೆ, ಅದೇ ನಟ್ಟನಡುವೆ. ಗುಂಪು ಅಲ್ಲೇ ನಿಂತಿತ್ತು. ಡಿಕ್ಕಿ ಹೊಡೆಯುವುದು ಖಂಡಿತ ಎಂದು ನಾನು ಕಣ್ಣು ಮುಚ್ಚಿದೆ. ಆಗ ಹಿಂದಿದ್ದ ಸೀಟಿ ಗಾಬರಿಬಿದ್ದು, ಇದ್ದಬದ್ದ ಉಸಿರನ್ನೆಲ್ಲ ಹಾಕಿ ಪೀಪಿ ಊದಿದ. ಬಯಲಲ್ಲಿ ಊದುವುದು ಬೇರೆ, ಸುರಂಗದಲ್ಲಿ ಊದುವುದು ಬೇರೆ. ಆ ಸದ್ದು ಗೋಡೆಯಿಂದ ಗೋಡೆಗೆ ಹೊಡೆದು, ಉಬ್ಬಿ, ಎಲ್ಲ ಕಡೆಯಿಂದ ಒಟ್ಟಿಗೆ ಬಂತು. ರೈಲು ಕೂಗಿದ ಹಾಗೇ ಇತ್ತು. ಯಾರೋ ಕಿರುಚಿದರು. ಕಣ್ಣು ಬಿಟ್ಟು ನೋಡಿದರೆ ದಾರಿ ಖಾಲಿ. ವಾಕಿಂಗಿನವರೆಲ್ಲ ಗೋಡೆಯ ಗೂಡುಗಳಲ್ಲಿ ಬೆನ್ನೊತ್ತಿ ನಿಂತಿದ್ದರು. ಕಾರ್ಯದರ್ಶಿಗಳು ಒಂದು ಗೂಡಿನಲ್ಲಿ ಹೂಕುಂಡವನ್ನು ತಬ್ಬಿಕೊಂಡು ನಿಂತಿದ್ದರು, ಕಿವಿಯ ಹಿಂದೆ ಒಂದು ಎಲೆ ಸಿಕ್ಕಿಕೊಂಡಿತ್ತು.

ಅತ್ತೆ ಅತ್ತ ಇತ್ತ ನೋಡದೆ ಹೋದರು. ಅವರ ಹಿಂದೆ ನಾನು, ಹಾಲಿನ ಕ್ಯಾನು, ಕುರ್ಚಿ. ನಗು ಉಕ್ಕಿ ಬರುತ್ತಿತ್ತು, ತಲೆಯ ಮೇಲಿನ ಗಂಟಿಗೆ ಹೆದರಿ ನುಂಗಿಕೊಂಡೆ. ಅಂಥ ಧೈರ್ಯ ಈ ಜನ್ಮದಲ್ಲಿ ನನಗೆ ಯಾವತ್ತೂ ಬಂದಿರಲಿಲ್ಲ.

ಹಾಸ್ಟೆಲಿನ ಹಿಂಬಾಗಿಲಲ್ಲಿ ವಾರ್ಡನ್ ಕಾಯುತ್ತಿದ್ದರು. ಕಾಲರ್ ಮೇಲೆ ಬೆರಳಾಡಿಸಿದರು, ಬೆರಳು ನೋಡಿಕೊಂಡರು. ಒಳಗಿಂದ ಕೊಳೆಬಟ್ಟೆಯ ಗಂಟು ತಂದು ಅತ್ತೆಯ ಮುಂದೆ ಇಟ್ಟರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. "ಎದ್ದೇಳೇ, ಬಿಳಿ ಬಟ್ಟೆ ಮೇಲೆ ಮೂಗು ಸೋರಿಸ್ಬೇಡ" ಎಂದು ಅತ್ತೆ ಗದರಿದರು.

ವಾಪಸ್ಸು ಬರುವಾಗ ಸೀಟಿ ಗೇಟಿನಲ್ಲಿ ಕಲ್ಲಿನ ಮೇಲೆ ಕೂತಿದ್ದ. ಪೀಪಿ ಕೈಯಲ್ಲಿತ್ತು.

"ಹೋದೆ, ಬಂದೆ" ಎಂದರು ಅತ್ತೆ. "ನಿನ್ನ ಲೆಕ್ಕದಲ್ಲಿ ಇದೇ ತಾನೆ ವಾಕಿಂಗು?"

"ತಲೆ ಮೇಲೆ ಗಂಟಿದೆಯಲ್ಲಮ್ಮಾ..."

"ಅದೂ ವಾಕಿಂಗ್ ಬಂದಿತ್ತು."

ಬೋರ್ಡು ಇನ್ನೂ ಅಲ್ಲೇ ಇದೆ. ಸಭೆಗೆ ಬಂದು ಕಾರಣ ಹೇಳಬೇಕು ಎಂದು ಸಮಿತಿಯಿಂದ ಹೇಳಿಕಳಿಸಿದ್ದರು. "ನನಗೆ ಪುರಸೊತ್ತಿಲ್ಲ, ಬೇಕಾದ್ರೆ ಬೆಳಿಗ್ಗೆ ಲೈನ್ ಮೇಲೆ ಸಿಗ್ತೀನಿ ಅಂತ ಹೇಳು" ಎಂದು ಅತ್ತೆ ಬಂದವನನ್ನು ಕಳಿಸಿದರು. ಮತ್ತೆ ಕರೆ ಬರಬಹುದು, ಬರಲಿ. ಈಗ ಎರಡು ಗಂಟೂ ಹೋಗುತ್ತವೆ, ಹಾಲು ಹೋಗುತ್ತದೆ, ಸೌದೆ ಹೋಗುತ್ತದೆ, ಮೊನ್ನೆ ಒಂದು ಇಡೀ ಬೀರು ಹೋಯಿತು. ಸೀಟಿ ಎಲ್ಲರನ್ನೂ ನೋಡಿ ಒಮ್ಮೆ ಪೀಪಿ ಊದುತ್ತಾನೆ, ಅವನ ಕೆಲಸ ಅವನು ಮಾಡಬೇಕಲ್ಲ.

ಹಾಲಿನವಳು ಒಂದು ಸುದ್ದಿ ತಂದಿದ್ದಾಳೆ. ಕಾರ್ಯದರ್ಶಿಗಳು ಮತ್ತವರ ಗುಂಪು ಆ ತುದಿಯಿಂದ ವಾಕಿಂಗ್ ಬರುವಾಗ ಈಗ ನೇರ ಸುರಂಗದೊಳಗೆ ನುಗ್ಗುವುದಿಲ್ಲವಂತೆ. ಬಾಯಲ್ಲೇ ನಿಲ್ಲುತ್ತಾರಂತೆ. ಗೋಡೆಗೆ ಕೈಯಿಟ್ಟು, ಒಳಗೆ ಕಿವಿಗೊಟ್ಟು, ಒಬ್ಬರನ್ನೊಬ್ಬರು ಕೇಳುತ್ತಾರಂತೆ:

"ಬಂತಾ?"